ಹುಣಸೆ ದಿಮ್ಮಿಯೊಳಗಿನ ಮೊಳೆಗಳು

ಹೋದ ವಾರ ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಕನ್ನಡಕದ ಅಂಗಡಿಯಿಂದ ಹೊರಗೆ ಬಂದಾಗ ರಸ್ತೆಯ ಆಚೆ ಬದಿಯಲ್ಲಿ ಮರವೊಂದನ್ನು ಕೊಯ್ಯುತ್ತಿದ್ದರು. ಯಾವ ಮರವೆಂದು ಕಣ್ಣು ಗುರುತಿಸುವ ಮೊದಲೇ ವಾಸನೆ ಬಂತು. ಪೆಟ್ರೋಲಿನ ಹೊಗೆ, ಅದರ ಅಡಿಯಲ್ಲಿ ಮರದ ಹೊಟ್ಟಿನ ಸಣ್ಣ ಹುಳಿ. ಆಟೋ ಕರೆಯಲು ಎತ್ತಿದ್ದ ಕೈ ಇಳಿಸಿ ಅಲ್ಲೇ ನಿಂತೆ. ಯಂತ್ರದ ಗರಗಸದ ಸದ್ದು ಒಂದೇ ಸಮನೆ ಸಾಗುತ್ತಿತ್ತು. ಯಾವ ಗಳಿಗೆಯಲ್ಲಾದರೂ ಅದು ಕಿರುಚಿ ನಿಂತುಬಿಡುತ್ತದೆ ಎಂದು ಮೈ ಬಿಗಿಹಿಡಿದು ಕಾದೆ. ನಿಲ್ಲಲಿಲ್ಲ. ಕಾಂಡ ಎರಡು ತುಂಡಾಯಿತು, ಗರಗಸದವನು ಕತ್ತು ಒರೆಸಿಕೊಂಡು ಬೀಡಿ ಹಚ್ಚಿದ. ಆಟೋದಲ್ಲಿ ಕೂತು ನಾರಾಯಣಗುಡ ದಾಟಿದ ಮೇಲೂ ನನ್ನ ಕಿವಿ ಆ ಕಿರುಚುವ ಸದ್ದಿಗೆ ಕಾಯುತ್ತಲೇ ಇತ್ತು.

ತಾರ್ನಾಕದಲ್ಲಿ ಕಳೆದ ಒಂದು ಬೇಸಿಗೆಯ ಬಗ್ಗೆ ನಾನು ಯಾರಿಗೂ ಹೇಳಿಲ್ಲ. ಅದರಲ್ಲಿ ನನ್ನ ಪಾಲಿಗೆ ಹೆಮ್ಮೆಪಡುವಂಥದ್ದು ಏನೂ ಇಲ್ಲ.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲೆಂದು ಮೈಸೂರಿನಿಂದ ಹೈದರಾಬಾದಿಗೆ ಬಂದಿದ್ದೆ. ಮುಗಿದ ಮೇಲೆ ಹಿಮಾಯತ್‌ನಗರದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಓದುವಾಗ ತಾರ್ನಾಕದಲ್ಲಿ ಹಿಡಿದಿದ್ದ ಬಾಡಿಗೆ ಕೋಣೆಯಲ್ಲೇ ಉಳಿದೆ. ಊರಿನ ಪಶ್ಚಿಮಕ್ಕಿದ್ದ ಬಂಡೆಗುಡ್ಡಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು ಅವು. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಓಣಿಯ ಬಾಯಿಗೆ ಕಂಪನಿಗಳ ಬಿಳಿ ಬಸ್ಸುಗಳು ಬಂದು ನಿಲ್ಲುತ್ತಿದ್ದವು. ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗ ಹುಡುಗಿಯರು ಒದ್ದೆ ಕೂದಲಲ್ಲೇ ಓಡಿ ಹತ್ತುತ್ತಿದ್ದರು. ಓಣಿಯೊಳಗೆ ಹಳೆಯ ಬಂಗಲೆಗಳು ಒಂದೊಂದಾಗಿ ನೆಲಕ್ಕೆ ಬಿದ್ದು ಅಪಾರ್ಟ್‌ಮೆಂಟುಗಳಾಗುತ್ತಿದ್ದವು.

ಮನೆಯ ಒಡತಿ ಚಂದಮ್ಮ ಸುರಪುರದ ಕಡೆಯವರು. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಗಂಡ ತೀರಿಕೊಂಡ ಮೇಲೆ ಹಿತ್ತಲಿಗೆ ತಗಡು ಹೊದಿಸಿ, ನಾಲ್ಕು ಕಟ್ಟಿಗೆ ಒಲೆ ಹೂಡಿ, ಜೋಳದ ರೊಟ್ಟಿ ಮಾಡಿ ಮಾರಲು ಶುರುಮಾಡಿದ್ದರು. ಹಾಸ್ಟೆಲುಗಳಿಗೆ, ಮೆಸ್ಸುಗಳಿಗೆ, ಆಮೇಲಾಮೇಲೆ ಕಂಪನಿಗಳ ಕ್ಯಾಂಟೀನುಗಳಿಗೂ ಅವರ ರೊಟ್ಟಿ ಹೋಗುತ್ತಿತ್ತು. ಸಿದ್ದಮ್ಮ ಮತ್ತು ಇನ್ನೂ ಮೂವರು ಹೆಂಗಸರು ಬೆಳಗಿನ ಐದಕ್ಕೆ ಬಂದು ಬಡಿಯಲು ಕೂರುತ್ತಿದ್ದರು. ಅವರೆಲ್ಲರ ಮನೆ ನಡೆಯುತ್ತಿದ್ದದ್ದು ಆ ಒಲೆಗಳಿಂದ. ಯಾರೋ ಹೇಳಿದರೆಂದು ಚಂದಮ್ಮ ಒಮ್ಮೆ ಗ್ಯಾಸ್ ತರಿಸಿ ನೋಡಿದ್ದರು. "ಇದು ರೊಟ್ಟಿ ಅಲ್ಲ, ಸುಟ್ಟ ಕಾಗದ" ಎಂದು ಮೂರನೆಯ ದಿನ ಸಿಲಿಂಡರನ್ನು ಜಗಲಿಗೆ ಸಾಗಿಸಿದ್ದರು.

ಎರಡನೆಯ ಒಲೆಯ ಪಕ್ಕದಲ್ಲಿ ನನಗೊಂದು ಮಣೆಯಿತ್ತು. ಮೊದಲ ವರ್ಷದ ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳಲು ಕೆಳಗಿಳಿದಿದ್ದಾಗ ಚಂದಮ್ಮ ಮಾತಿಲ್ಲದೆ ಅದನ್ನು ಕಾಲಿನಿಂದ ನನ್ನ ಕಡೆ ಸರಿಸಿದ್ದರು. ಅಂದಿನಿಂದ ಕಾಲೇಜಿಗೆ, ಆಮೇಲೆ ಕಚೇರಿಗೆ ಹೊರಡುವವರೆಗೆ ಅಲ್ಲೇ ಕೂತು, ಆರಿದ ರೊಟ್ಟಿಗಳನ್ನು ಹತ್ತತ್ತರಂತೆ ಜೋಡಿಸಿ ಬಟ್ಟೆಯಲ್ಲಿ ಸುತ್ತಿಡುವುದು ನನ್ನ ಕೆಲಸವಾಯಿತು. ಯಾರೂ ಹೇಳಿದ ಕೆಲಸವಲ್ಲ. ಚಂದಮ್ಮ ನನ್ನನ್ನು "ಮೈಸೂರವ್ವ" ಎನ್ನುತ್ತಿದ್ದರು. ನಾನು ಅವರನ್ನು ಅಮ್ಮ ಎಂದು ಕರೆದು ಬಹುವಚನದಲ್ಲಿ ಮಾತಾಡುತ್ತಿದ್ದೆ. ಎರಡು ವರ್ಷದಲ್ಲಿ ನಾವಿಬ್ಬರು ಆಡಿದ ಮಾತುಗಳು ಹೆಚ್ಚಿಲ್ಲ. ಆದರೆ ಆ ಊರಿನಲ್ಲಿ ನನ್ನದು ಎನ್ನಬಹುದಾದದ್ದು ಇದ್ದರೆ ಆ ಮಣೆ ಮಾತ್ರ, ಮತ್ತು ಒಲೆಯ ಬೆಳಕಿನಲ್ಲಿ ಅವರು ನನ್ನ ಕಡೆಗೊಮ್ಮೆ ನೋಡಿ ಮೊದಲ ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಎಸೆಯುತ್ತಿದ್ದ ರೀತಿ.

ಫೆಬ್ರವರಿಯಲ್ಲಿ ಪ್ರತಿಮಾ ಬಂದಳು. ಉಡುಪಿಯವಳು, ಮಾಧಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ನನಗಿಂತ ಒಂದು ವರ್ಷ ಚಿಕ್ಕವಳು. ನನ್ನ ಪಕ್ಕದ ಕೋಣೆ ಅವಳಿಗೆ. ಎರಡನೆಯ ದಿನ ಬೆಳಿಗ್ಗೆ ತಲೆಗೆ ಟವೆಲು ಸುತ್ತಿಕೊಂಡೇ ಹಿತ್ತಲಿಗೆ ಬಂದು, "ಅವ್ವಾ, ಇದೆಂತ ಘಮ ಮಾರ್ರೆ, ನನಗೆ ಮೇಲೆ ನಿದ್ರೆಯೇ ಬರ್ಲಿಲ್ಲ" ಎಂದಳು. ಅವ್ವಾ ಎಂದಳು. ಎರಡನೆಯ ದಿನ.

"ನಿಮ್ಮ ಕಡಿ ಅವ್ವಾ ಅಂತಾರೇನ?" ಎಂದು ಚಂದಮ್ಮ ಕೇಳಿದರು.

"ನಮ್ಮ ಕಡೆ ಅಮ್ಮ ಅನ್ನುದು. ನಿಮಗೆ ಇದೇ ಚಂದ ಕಾಣ್ತದೆ."

ಚಂದಮ್ಮ ನಕ್ಕರು. ಅವರ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇಲ್ಲ ಎನ್ನುವುದು ನನಗೆ ಅಂದು ಗೊತ್ತಾಯಿತು.

ವಾರದೊಳಗೆ ಪ್ರತಿಮಾ ಹಿಟ್ಟಿನ ಪರಾತದ ಮುಂದೆ ಕೂತು ಬಡಿಯಲು ಕಲಿತಳು. ಮೊದಲ ರೊಟ್ಟಿ ಶ್ರೀಲಂಕಾದ ನಕಾಶೆಯ ಹಾಗಿತ್ತು, ಸಿದ್ದಮ್ಮ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ತಿಂಗಳಾಗುವಷ್ಟರಲ್ಲಿ ದುಂಡಗೆ, ತೆಳ್ಳಗೆ, ಅಂಗೈಯ ತಾಳಕ್ಕೆ ತಿರುಗಿಕೊಂಡು ಬರುತ್ತಿತ್ತು. "ಇಕಿ ಬಲಗೈ ನೋಡ್ರಿ, ನಮ್ಮ ಕಡಿ ಹುಟ್ಟಬೇಕಾದಾಕಿ" ಎಂದು ಚಂದಮ್ಮ ಹೇಳಿದ್ದನ್ನು ನಾನು ಬೆನ್ನು ಹಾಕಿ ಕೂತಿದ್ದರೂ ಪೂರ್ತಿ ಕೇಳಿಸಿಕೊಂಡೆ. ಎರಡು ವರ್ಷದಲ್ಲಿ ನನ್ನನ್ನು ಯಾರೂ ಪರಾತದ ಮುಂದೆ ಕೂರಲು ಕರೆದಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಆದರೂ ಕೇಳದೆ ಸಿಗಬೇಕಾದ್ದು ಅವಳಿಗೆ ಸಿಕ್ಕಿತು, ನನಗೆ ಸಿಗಲಿಲ್ಲ ಎಂಬ ಲೆಕ್ಕವನ್ನು ನನ್ನ ಮನಸ್ಸು ದಿನವೂ ಹಾಕುತ್ತಿತ್ತು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಮೊದಲ ರೊಟ್ಟಿ ಅವಳ ತಟ್ಟೆಗೆ ಹೋಯಿತು. ಬೇಕೆಂದು ಮಾಡಿದ್ದಲ್ಲ, ಅವಳು ಹತ್ತಿರ ಕೂತಿದ್ದಳು. ನಾನು ಅಂದು ರೊಟ್ಟಿ ಮುಟ್ಟದೆ ಹೊರಟೆ. ಅದನ್ನು ಯಾರೂ ಗಮನಿಸಲಿಲ್ಲ.

ನಮ್ಮ ಹಿತ್ತಲಿನ ಗೋಡೆಯ ಆಚೆಗಿನ ಬಂಗಲೆ ಅದೇ ಹೊತ್ತಿಗೆ ಮಾರಾಟವಾಗಿ, ಅಂಗಳದಲ್ಲಿದ್ದ ದೊಡ್ಡ ಹುಣಸೆ ಮರವನ್ನು ಉರುಳಿಸಿದರು. ಆ ಮರ ನನ್ನ ಕಿಟಕಿಯ ಎದುರಿಗೇ ಇತ್ತು. ಅದರ ಕಾಂಡದಲ್ಲಿ ಮೊಳೆಗಳಿದ್ದವು. ಮೈಮೇಲೆ ಏನೋ ಬಂದಂತೆ ಆಡುವವರನ್ನೂ ನಿದ್ದೆಯಲ್ಲಿ ಬೆಚ್ಚಿಬೀಳುವ ಮಕ್ಕಳನ್ನೂ ಅಲ್ಲಿಗೆ ಕರೆತರುತ್ತಿದ್ದರು. ಅವರ ತಲೆಯ ಒಂದು ಕೂದಲೆಳೆಯನ್ನು ಕಬ್ಬಿಣದ ಮೊಳೆಗೆ ಸುತ್ತಿ ಹುಣಸೆಗೆ ಹೊಡೆದರೆ ಕಾಡುವುದು ಮರದಲ್ಲೇ ಉಳಿಯುತ್ತದೆ ಎಂದು ನಂಬಿಕೆ. ಬಂಗಲೆಯ ಕಾವಲುಗಾರನ ಹೆಂಡತಿ ಇದನ್ನು ನನಗೆ ತೆಲುಗು ಹಿಂದಿ ಬೆರೆಸಿ ವಿವರಿಸಿದ್ದಳು. ಕಂಡರಾಗದವರ ಹೆಸರು ಹೇಳಿ ಹೊಡೆಯುವವರೂ ಉಂಟು ಎಂದು ದನಿ ತಗ್ಗಿಸಿ ಸೇರಿಸಿದ್ದಳು. ಬೆಳಿಗ್ಗೆ ಹಲ್ಲುಜ್ಜುತ್ತ ಆ ಮೊಳೆಗಳನ್ನು ನೋಡುವುದು ನನಗೆ ರೂಢಿ. ಹತ್ತೊಂಬತ್ತು ಇದ್ದವು. ಕೆಲವಕ್ಕೆ ಕಪ್ಪು ದಾರ. ಕೆಲವನ್ನು ತೊಗಟೆ ನುಂಗಿ ಬರೀ ತುಕ್ಕಿನ ಕಲೆ ಉಳಿದಿತ್ತು. ಎಲ್ಲವೂ ನನ್ನ ಕಿಟಕಿಯ ಕಡೆಯ ಮೈಯಲ್ಲಿ, ಕೆಳಗಿನಿಂದ ನೋಡಿದರೆ ಗೋಡೆ ಅಡ್ಡ. ಬಂಗಲೆ ಮಾರಿದಾಗ ಕಾವಲುಗಾರನ ಸಂಸಾರವೂ ಹೋಯಿತು. ಚಂದಮ್ಮನವರ ಮುಂದೆ ದೆವ್ವದ ಮಾತೆತ್ತಿದರೆ, "ಹೊಟ್ಟಿ ತುಂಬಿದವ್ರಿಗೆ ದೆವ್ವ ಕಾಣತಾವ" ಎಂದು ಮುಗಿಸಿಬಿಡುತ್ತಿದ್ದರು. ಹಾಗಾಗಿ ಆ ಮೊಳೆಗಳ ಸಂಗತಿ ಓಣಿಯಲ್ಲಿ ನನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ಕೊಂಬೆಗಳನ್ನು ಮದುವೆಯ ಬಿರಿಯಾನಿ ಮಾಡುವವರು ಒಯ್ದರು. ಹುಣಸೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆಂದು ಅವರಿಗೆ ಅದೇ ಬೇಕು. ಕಾಂಡದ ದಿಮ್ಮಿ ಮಾತ್ರ ಮೊಳೆಯ ಮೈ ಕೆಳಗಾಗಿ ಅಂಗಳದಲ್ಲೇ ಬಿದ್ದಿತ್ತು. ಹನ್ನೆರಡು ಅಡಿ ಉದ್ದ, ನನ್ನ ಸೊಂಟದವರೆಗೆ ಬರುವಷ್ಟು ದಪ್ಪ. ಇಡೀ ಬೇಸಿಗೆ ಬಿಸಿಲಲ್ಲಿ ಒಣಗಿತು.

ಮೇ ಕೊನೆಯಲ್ಲಿ ಓಣಿಯ ಮೂಲೆಯ ಕಟ್ಟಿಗೆ ಡಿಪೋ ಮುಚ್ಚಿತು. ಆ ಜಾಗವೂ ಮಾರಾಟವಾಗಿತ್ತು. ಮಳೆಗಾಲಕ್ಕೆಂದು ಚಂದಮ್ಮ ಅಲ್ಲಿಂದಲೇ ಸೌದೆ ತುಂಬಿಸಿಕೊಳ್ಳುತ್ತಿದ್ದದ್ದು. ಬೇರೆ ಡಿಪೋಗಳು ದೂರ. ಅವರ ಕಟ್ಟಿಗೆ ಅರ್ಧ ಹಸಿ, ಹಂಚಿಗಿಂತ ಕಣ್ಣನ್ನೇ ಹೆಚ್ಚು ಸುಡುತ್ತಿತ್ತು. ಹಿತ್ತಲಿನಲ್ಲಿ ಹದಿನೈದು ದಿನದ ಸೌದೆ ಉಳಿದಿತ್ತು. ಒಲೆ ಆರಿದರೆ ಕ್ಯಾಂಟೀನಿನವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ಸಿದ್ದಮ್ಮ ಬಡಿಯುವುದನ್ನು ನಿಲ್ಲಿಸಿ, "ಹ್ಯಾಂಗರಿ ಯವ್ವಾ ಇನ್ನ?" ಎಂದು ಕೇಳಿದ ದಿನ ಚಂದಮ್ಮ ಎದ್ದು ಗೋಡೆಯ ಹತ್ತಿರ ಹೋಗಿ ತುದಿಗಾಲಲ್ಲಿ ನಿಂತು ಆಚೆ ನೋಡಿದರು.

ಕಟ್ಟಡದ ಕೆಲಸದವರು ಯಾದಗಿರಿ ಕಡೆಯವರು. ಅವರ ಮೇಸ್ತ್ರಿ ಭೀಮಣ್ಣ ಶಹಾಪುರದವನು, ಚಂದಮ್ಮನವರ ಮಾತಿನ ಧಾಟಿ ಕೇಳಿದ್ದೇ ಗೋಡೆಗೆ ಬಂದು ಒರಗಿದ.

"ಒಯ್ರಿ ಯವ್ವಾ, ನಮಗೇನ್ ಆಗಬೇಕಾಗೈತಿ ಅದರದು. ಸಾಹೇಬ್ರೂ ಹೂಂ ಅಂದಾರ. ಆದ್ರ ಸೋಮವಾರ ಲಾರಿ ಬರತೈತಿ, ಬಿರಿಯಾನಿ ಮಂದಿ ಕೇಳಿ ಹೋಗ್ಯಾರ. ಆಯ್ತವಾರ ಸಂಜಿ ಒಳಗ ನಿಮ್ಮ ಹಿತ್ತಲದಾಗ ಇದ್ರ ನಿಮ್ಮದು."

"ನಿನ್ನ ಮಂದಿ ಕೈ ಹಚ್ಚತಾರೇನು?"

"ಆಯ್ತವಾರ ನಮಗ ರಜಾ. ರೊಟ್ಟಿ, ಕಾಳಪಲ್ಯ ಆದ್ರ ಯಾಕ ಹಚ್ಚಂಗಿಲ್ಲ? ಮೂರು ತಿಂಗಳಾತು, ಅನ್ನ ಉಂಡು ಉಂಡು ನಾಲಿಗಿ ಸತ್ತೈತಿ."

ಭಾನುವಾರ ಬೆಳಿಗ್ಗೆ ಏಳಕ್ಕೆ ಹದಿನಾರು ಜನ ಸೇರಿದರು, ಅದರಲ್ಲಿ ಐವರು ಹೆಂಗಸರು. ಬಂಗಲೆಯ ಗೇಟಿನಿಂದ ಓಣಿಗೆ, ಓಣಿಯಲ್ಲಿ ಎಂಬತ್ತು ಹೆಜ್ಜೆ, ವಿದ್ಯುತ್ ಕಂಬದ ಹತ್ತಿರ ತಿರುವು, ತಿರುವಿನಿಂದ ನಮ್ಮ ಹಿತ್ತಲಿನ ಬಾಗಿಲಿಗೆ ಇನ್ನೂ ಇಪ್ಪತ್ತು. ದಿಮ್ಮಿ ಎರಡೂವರೆ ಟನ್ನಾದರೂ ಇದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ, ಹೇಳಿರಲಿಲ್ಲ. ಹಾರೆಗಳಿಂದ ಒಂದು ತುದಿ ಮೀಟಿ ಅಡಿಗೆ ಕಬ್ಬಿಣದ ಕೊಳವೆಗಳನ್ನು ಸೇರಿಸಿದರು. ಮುಂದೆ ಎರಡು ಹಗ್ಗ. ದಿಮ್ಮಿ ಸರಿದಂತೆ ಹಿಂದೆ ಉಳಿದ ಕೊಳವೆಯನ್ನು ಎತ್ತಿ ಓಡಿ ಮುಂದೆ ಇಡಬೇಕು. ಆ ಕೆಲಸಕ್ಕೆ ಪ್ರತಿಮಾ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ತಾನೇ ನಿಂತಳು.

ಭೀಮಣ್ಣ ದಿಮ್ಮಿಯ ಪಕ್ಕ ಹಿಂದುಹಿಂದಕ್ಕೆ ನಡೆಯುತ್ತ ಕೂಗು ಕೊಡುತ್ತಿದ್ದ. ಕೂಗಿಗೊಮ್ಮೆ ಎಲ್ಲರೂ ಒಟ್ಟಿಗೆ ಜಗ್ಗಬೇಕು.

"ಸಿದ್ದಮ್ಮನ ಗಂಡ!"

"ಹೈಸಾ."

"ಮಲಗ್ಯಾನ ಮನ್ಯಾಗ!"

"ಹೈಸಾ."

"ನಿನ್ನ ಹೆಣ್ತಿ ನೋಡಕೋ ಮೊದಲ" ಎಂದು ಸಿದ್ದಮ್ಮ ಹಗ್ಗ ಬಿಡದೆ ಬೈದಳು. ನಗುವಿನಲ್ಲಿ ಒಂದು ಜಗ್ಗು ತಪ್ಪಿಹೋಯಿತು.

"ಉಡುಪಿ ಅಕ್ಕಾರ..."

"ಹೈಸಾ."

"ಮೀನ ಹಿಡದಂಗ..."

"ಹೈಸಾ."

"ಕಟಗಿ ಹಿಡದಾರ..."

ಪ್ರತಿಮಾ ಬಿದ್ದು ಬಿದ್ದು ನಕ್ಕಳು. ನಾನೂ ಹಗ್ಗದ ತುದಿಯಲ್ಲಿದ್ದೆ, ಅಂಗೈ ಕೆಂಪಾಗಿತ್ತು. ನನ್ನ ಸರದಿಗೆ ಕಾಯುತ್ತಿದ್ದೇನೆ ಎನ್ನುವುದು ನನಗೇ ಅರಿವಾಗಿ ನಾಚಿಕೆಯಾಯಿತು. ಭೀಮಣ್ಣನ ಕಣ್ಣು ನನ್ನ ಮೇಲೆ ಬಿತ್ತು. ಒಂದು ಕ್ಷಣ ಏನು ಹೇಳಲಿ ಎಂದು ಯೋಚಿಸಿ, "ಕನ್ನಡಕದ ಅಕ್ಕೋರೇ, ನೀವು ಸರದು ನಿಲ್ಲರಿ, ಕೈಗೆ ಹತ್ತೀತು" ಎಂದು ಬಹಳ ಮರ್ಯಾದೆಯಿಂದ ಹೇಳಿದ. ನಾನು ಸರಿದು ನಿಂತೆ.

ಹನ್ನೊಂದರ ಹೊತ್ತಿಗೆ ದಿಮ್ಮಿ ತಿರುವಿಗೆ ಬಂದು ಸಿಕ್ಕಿಕೊಂಡಿತು. ಮುಂದಿನ ತುದಿ ಕಂಬಕ್ಕೆ, ಹಿಂದಿನ ತುದಿ ಎದುರು ಮನೆಯ ಗೋಡೆಗೆ. ತುದಿಗಳಿಗೆ ಹಾರೆ ಹಾಕಲೂ ಜಾಗವಿಲ್ಲ. ಓಣಿ ಪೂರ್ತಿ ಕಟ್ಟಿಕೊಂಡಿತು. ಆಚೆ ಒಂದು ಆಟೋ, ಈಚೆ ಎರಡು ಸ್ಕೂಟರು. ಎದುರು ಮನೆಯ ನಿವೃತ್ತ ಮೇಷ್ಟ್ರು ಗೇಟಿಗೆ ಬಂದು ತೆಲುಗಿನಲ್ಲಿ, ಸಂಜೆಯೊಳಗೆ ತೆಗೆಯದಿದ್ದರೆ ಲಾರಿಯವರಿಗೆ ತಾನೇ ಫೋನ್ ಮಾಡುವುದಾಗಿ ಹೇಳಿ ಒಳಗೆ ಹೋದರು. ಚಂದಮ್ಮ ದಿಮ್ಮಿಯ ಮೇಲೆ ಅಂಗೈಯೂರಿ ನಿಂತಿದ್ದರು. ಇಪ್ಪತ್ತು ಹೆಜ್ಜೆಯಾಚೆ ಅವರ ಹಿತ್ತಲಿನ ಬಾಗಿಲು ತೆರೆದೇ ಇತ್ತು.

"ಇಲ್ಲಿಯೇ ಎರಡು ತುಂಡು ಮಾಡಿದ್ರೆ ಎಂತ?" ಎಂದಳು ಪ್ರತಿಮಾ. "ಮೇನ್ ರೋಡಿನಲ್ಲಿ ಮರ ಕೊಯ್ಯುವವರು ಉಂಟಲ್ಲ, ಮಿಷನ್ ಇಟ್ಕೊಂಡು. ಹತ್ತು ನಿಮಿಷದ ಕೆಲಸ. ನಾನು ಕರ್ಕೊಂಡು ಬರ್ತೇನೆ."

ಭೀಮಣ್ಣ ತೊಡೆ ತಟ್ಟಿದ. ಸಿದ್ದಮ್ಮ, "ಓದಿದ ತಲಿ ನೋಡ್ರಿ" ಎಂದಳು. ಚಂದಮ್ಮ ಪ್ರತಿಮಾಳ ಗಲ್ಲ ಹಿಡಿದು, "ಹೋಗಿ ಬಾ ಮಗಳಾ" ಎಂದರು.

ಮಗಳಾ ಎಂದದ್ದು ಅದೇ ಮೊದಲು. ನನ್ನ ನಾಲಿಗೆಯ ತುದಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. ಕೆಳಗಿನ ಮೈಯಲ್ಲಿ ಕಬ್ಬಿಣವಿದೆ, ಗರಗಸ ಹಾಕಬೇಡಿ ಎಂಬಷ್ಟೇ. ಹೇಳಲು ಇನ್ನೂ ಅರ್ಧ ಗಂಟೆ ಇತ್ತು, ಅವಳು ಸ್ಕೂಟರಿನಲ್ಲಿ ಹೋಗಿ ಬರುವವರೆಗೆ. ಆ ಅರ್ಧ ಗಂಟೆ ನಾನು ಮೇಷ್ಟ್ರ ಗೇಟಿನ ನೆರಳಲ್ಲಿ ನಿಂತಿದ್ದೆ. ಯಾರಿಗಾದರೂ ಪೆಟ್ಟಾಗಲಿ ಎಂದು ನಾನು ಬಯಸಲಿಲ್ಲ. ಗರಗಸ ಒಂದು ಮೊಳೆಗೆ ತಾಗಲಿ, ನಿಲ್ಲಲಿ, ಮೂರು ತಿಂಗಳ ಹಿಂದೆ ಬಂದವಳಿಗೆ ಈ ಓಣಿಯ ಬಗ್ಗೆ ಏನೂ ಗೊತ್ತಿಲ್ಲ ಎನ್ನುವುದು ಎಲ್ಲರಿಗೂ ಕಾಣಲಿ ಎಂದು ಬಯಸಿದೆ. ಆಮೇಲೆ ಬೇಕಾದರೆ ನಾನು ಮುಂದೆ ಬಂದು ಹೇಳಬಹುದು. ನನ್ನ ಬಯಕೆ ಇಷ್ಟು ವಿವರವಾಗಿತ್ತು.

ಗರಗಸದ ಬಾಬುಮಿಯಾ ಸ್ಕೂಟರಿನ ಹಿಂದೆ ಯಂತ್ರವನ್ನು ಮಗುವಿನ ಹಾಗೆ ತಬ್ಬಿಕೊಂಡು ಬಂದ. ದಿಮ್ಮಿಯನ್ನು ತಟ್ಟಿ, "ಇಮ್ಲೀ ಹೈ, ಪತ್ಥರ್ ಹೈ ಪತ್ಥರ್" ಎಂದು ಅದರ ಕಲ್ಲಿನಂಥ ಗಟ್ಟಿತನವನ್ನು ಮೆಚ್ಚಿದ. ನಡುವೆ ಗೆರೆ ಎಳೆದು ಮೇಲಿನಿಂದ ಶುರುಮಾಡಿದ. ಹಳದಿ ಹೊಟ್ಟು, ಆಮೇಲೆ ಒಳಗಿನ ತಿರುಳಿನ ಕಡುಕಂದು ಹೊಟ್ಟು ಓಣಿಯ ಮೇಲೆ ಚಿಮ್ಮಿತು. ಮೇಲಿನ ಅರ್ಧ ಸಲೀಸಾಗಿ ಮುಗಿಯಿತು. ಗರಗಸ ಕೊಯ್ಯುತ್ತಿದ್ದ ಜಾಗಕ್ಕೆ ನೀರು ಹಾಕುತ್ತ ಪ್ರತಿಮಾ ತಂಬಿಗೆ ಹಿಡಿದು ಪಕ್ಕದಲ್ಲೇ ಇದ್ದಳು. ನಡುವೆ ಹಾರೆ ಹಾಕಿ ದಿಮ್ಮಿಯನ್ನು ಇದ್ದಲ್ಲೇ ಕಾಲು ಸುತ್ತು ಹೊರಳಿಸಿದರು. ಮೊಳೆಯ ಮೈ ಪಕ್ಕಕ್ಕೆ ಬಂತು. ಮಣ್ಣು ಮೆತ್ತಿಕೊಂಡು ಏನೂ ಕಾಣುತ್ತಿರಲಿಲ್ಲ. ಬಾಬುಮಿಯಾ ಮತ್ತೆ ಯಂತ್ರ ಎತ್ತಿದ. ಅವನ ಗರಗಸದ ಪಟ್ಟಿಯಿಂದ ಪ್ರತಿಮಾಳ ಕೈ ಎಷ್ಟು ದೂರವಿದೆ ಎಂದು ನಾನು ನೋಡಿದೆ. ಎರಡು ಹೆಜ್ಜೆ ಮುಂದೆ ಇಟ್ಟೆ. ಬಾಯಿಯನ್ನೂ ತೆರೆದೆ ಎಂದು ನೆನಪು. ಅಷ್ಟರಲ್ಲಿ ಗರಗಸ ಕಿರುಚಿತು.

ಹರಿದ ಸರಪಳಿ ಚಾಟಿಯಂತೆ ಹೊರಗೆ ಬೀಸಿತು. ತಂಬಿಗೆ ಬಿದ್ದು ಉರುಳಿ ಹೋಗಿ ಚರಂಡಿಯ ಅಂಚಿನಲ್ಲಿ ನಿಂತಿತು. ಪ್ರತಿಮಾ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನೋಡುತ್ತಿದ್ದಳು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬಾಯಿ ಬಿಟ್ಟ ಗಾಯ. "ಅವ್ವಾ" ಎಂದಳು, ಮೆಲ್ಲಗೆ.

ಬಾಬುಮಿಯಾ ಕಾಂಡವನ್ನು ಒದ್ದ. "ಲೋಹಾ ಹೈ ಇಸ್‌ಮೇ. ಪೈಲೇ ಬೋಲ್ನಾ ನೈ ಕ್ಯಾ?" ಎಂದು, ಕಬ್ಬಿಣವಿದೆಯೆಂದು ಮೊದಲೇ ಹೇಳದ ಎಲ್ಲರ ಮುಖ ನೋಡಿದ. ನನ್ನ ಮುಖವನ್ನೂ ನೋಡಿದ.

ಸಿದ್ದಮ್ಮ ತನ್ನ ಸೆರಗು ಹರಿದು ಕೈಗೆ ಸುತ್ತಿ, ಆಚೆ ನಿಂತಿದ್ದ ಆಟೋದಲ್ಲಿ ಪ್ರತಿಮಾಳನ್ನು ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಬಾಬುಮಿಯಾ ಕೆಟ್ಟ ಯಂತ್ರ ಹೊತ್ತು ನಡೆದೇ ಹೋದ. ಭೀಮಣ್ಣ ನೀರು ಸುರಿದು ಮಣ್ಣು ತೊಳೆದ. ಮೊದಲ ಮೊಳೆ ಕಂಡಿತು, ಅದರ ಪಕ್ಕ ಇನ್ನೊಂದು. ಕೆಲಸದವರಲ್ಲಿ ಒಬ್ಬಳು ಹಿಂದೆ ಸರಿದು, "ಗಾಳಿ ಬಡದವರ ಗಿಡ ಇದು. ಇದನ್ನ ಒಲಿಗೆ ಹಾಕಬಾರದು" ಎಂದಳು.

"ಒಲಿಗೆ ಹಾಕೋದು ಆಮ್ಯಾಲ. ಮೊದಲ ಓಣಿ ಬಿಡಿಸಬೇಕಲ್ಲ" ಎಂದ ಭೀಮಣ್ಣ. "ಕೈಲೆ ಸೀಳಬೌದು, ಬೆಣಿ ಹೊಡದು. ಆದ್ರ ಎಲ್ಲೆಲ್ಲಿ ಅದಾವ ಅಂತ ಗೊತ್ತಿಲ್ಲದ ಹ್ಯಾಂಗ ಕೊಡಲಿ ಹಾಕೋದು? ಹೊರಗ ಕಾಣೂವು ನಾಕು, ಒಳಗ ಎಷ್ಟೋ." ಗೋಡೆಗೆ ಒರಗಿ ಕೂತ. ಉಳಿದವರೂ ಕೂತರು. ಗಂಟೆ ಒಂದಾಗಿತ್ತು.

ನಾನು ಮೇಲೆ ಹೋಗಿ ಸೀಮೆಸುಣ್ಣ ತಂದೆ. ಮಂಡಿಯೂರಿ ಕೂತು, ಕಿಟಕಿಯಿಂದ ಕಂಡಂತೆ ಮರ ನಿಂತಿದ್ದ ಭಂಗಿಯನ್ನು ಕಣ್ಣಿಗೆ ತಂದುಕೊಂಡು, ಬುಡದಿಂದ ಗೇಣು ಹಾಕುತ್ತ ಒಂದೊಂದಕ್ಕೂ ದುಂಡು ಬರೆದೆ. ತೊಗಟೆ ನುಂಗಿದವನ್ನು ತುಕ್ಕಿನ ಕಲೆಯಿಂದ ಗುರುತಿಸಿದೆ. ಭೀಮಣ್ಣ ಹಿಂದೆ ಬಂದು ನಿಂತು, ಉಳಿಯಿಂದ ಒಂದೆರಡನ್ನು ಕೆತ್ತಿ ನೋಡಿದ. ಕಬ್ಬಿಣ ಸಿಕ್ಕಿತು. "ಅಕ್ಕೋರ ಕಣ್ಣಿಗೆ ಏನಂತೀರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅದು ನನಗೆ ಹಿತವಾಯಿತು. ಆ ಹೊತ್ತಿನಲ್ಲೂ ಹಿತವಾಯಿತು.

"ಹತ್ತೊಂಬತ್ತು. ಅಷ್ಟೇ" ಎಂದು ಎದ್ದೆ.

"ಒಂದು ಬಿಟ್ಟಿ" ಎಂದರು ಚಂದಮ್ಮ.

ಅವರು ಬಂದು ಬಗ್ಗಿ, ನಾನು ಗಂಟು ಎಂದುಕೊಂಡಿದ್ದ ಒಂದು ಉಬ್ಬಿನ ಮೇಲೆ ಬೆರಳಿಟ್ಟರು. ಭೀಮಣ್ಣ ಕೆತ್ತಿದ. ಎರಡು ಅಂಗುಲ ಒಳಗೆ, ರೈಲು ಹಳಿಗೆ ಹೊಡೆಯುವಂಥ ದಪ್ಪ ಮೊಳೆಯ ತಲೆ ಕಂಡಿತು. ಚಂದಮ್ಮ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ದುಂಡು ಬರೆದು, ನನ್ನ ಮುಖ ನೋಡಿದರು. ನನಗೆ ಮೊದಲೇ ಗೊತ್ತಿತ್ತು ಎನ್ನುವುದು ಅವರಿಗೆ ಗೊತ್ತಾಗಿದೆ ಎಂದು ನನಗೆ ತಿಳಿಯಿತು.

ಸೀಳುವ ಕೆಲಸ ಸಂಜೆಯವರೆಗೆ ನಡೆಯಿತು. ದುಂಡುಗಳನ್ನು ಬಿಟ್ಟು, ಬಾಬುಮಿಯಾ ಕೊಯ್ದ ಸೀಳಿಗೆ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆದರು. ಮೊದಲ ಗಂಟೆ ಮರ ಮಿಸುಕಲಿಲ್ಲ. ಆಮೇಲೆ ಒಳಗೆಲ್ಲೋ ಬಟ್ಟೆ ಹರಿದ ಸದ್ದಾಯಿತು. ಭೀಮಣ್ಣ ಕಿವಿಗೊಟ್ಟು ಕೇಳಿ, "ಬಂತು" ಎಂದ. ಸೀಳಿದ ತುಂಡುಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು ಹಿತ್ತಲಿಗೆ ಸಾಗಿಸಿದರು. ನಾನೂ ಹೊತ್ತೆ, ಈ ಸಲ ಯಾರೂ ಸರಿದು ನಿಲ್ಲಿ ಎನ್ನಲಿಲ್ಲ. ಗಾಳಿಯ ಗಿಡ ಎಂದಿದ್ದ ಹೆಂಗಸಿಗೆ ಚಂದಮ್ಮ, "ಬೆಂಕಿಗಿಂತ ದೊಡ್ಡ ಮಂತ್ರ ಯಾವುದೈತಿ" ಎಂದು ಹೇಳಿ ಬಾಯಿ ಮುಚ್ಚಿಸಿದರು. ಮೊಳೆಗಳಿದ್ದ ತುಂಡುಗಳನ್ನು ಬೇರೆಯಾಗಿ ಗೋಡೆಗೆ ಒಟ್ಟಿದೆವು. ಆ ಸೌದೆ ಮಳೆಗಾಲ ದಾಟಿ ಸಂಕ್ರಾಂತಿಯವರೆಗೆ ಉರಿಯಿತು. ಒಲೆ ಒಂದು ದಿನವೂ ಆರಲಿಲ್ಲ ಎಂದು ಆಮೇಲೆ ಸಿದ್ದಮ್ಮ ಕೋಠಿಯ ಬಸ್‌ಸ್ಟಾಪಿನಲ್ಲಿ ಸಿಕ್ಕಾಗ ಹೇಳಿದಳು. ನಾನು ಆಗಸ್ಟಿನಲ್ಲೇ ಆ ಮನೆ ಬಿಟ್ಟಿದ್ದೆ.

ಪ್ರತಿಮಾ ಮೂರು ಗಂಟೆಗೆ ವಾಪಸಾದಾಗ ಆಟೋ ಸೀಳುತ್ತಿದ್ದ ದಿಮ್ಮಿಯ ಆಚೆಯೇ ನಿಂತಿತು. ಬಲಗೈ ಮೊಣಕೈಯವರೆಗೆ ಬಿಳಿ ಬಟ್ಟೆ, ಒಂಬತ್ತು ಹೊಲಿಗೆ. ಸೀಮೆಸುಣ್ಣದ ದುಂಡುಗಳನ್ನು ನೋಡಿ ಯಾರು ಬರೆದದ್ದು ಎಂದು ಕೇಳಿದಳು. ಭೀಮಣ್ಣ ಹೇಳಿದ.

"ಸುಧಾ, ನೀನಿಲ್ಲದಿದ್ರೆ ಇದಿಷ್ಟೂ ಲಾರಿಗೆ ಹೋಗ್ತಿತ್ತು ಮಾರಾಯ್ತಿ" ಎಂದಳು. ಮುಖ ಬಿಳಿಚಿಕೊಂಡಿತ್ತು, ಆದರೂ ನಕ್ಕಳು. ನಾನು ತುಂಡೊಂದನ್ನು ತಲೆಗೆತ್ತಿಕೊಂಡು ನಡೆದೆ.

ಕೊನೆಯ ಹೊರೆ ಒಟ್ಟುವಾಗ ಹಿತ್ತಲಿನಲ್ಲಿ ಚಂದಮ್ಮ ಮತ್ತು ನಾನು ಇಬ್ಬರೇ ಇದ್ದೆವು. ಅವರು ತುಂಡುಗಳನ್ನು ಇಸಿದುಕೊಂಡು ಅಡ್ಡಡ್ಡ ಜೋಡಿಸುತ್ತಿದ್ದರು.

"ಆ ದಪ್ಪ ಮೊಳಿ ನಂದು" ಎಂದರು. "ಯಾರ ಹೆಸರಿಲೆ ಅಂತ ಕೇಳಬ್ಯಾಡ. ಆಕಿಗೆ ಏನೂ ಆಗಲಿಲ್ಲ. ಇವತ್ತಿಗೂ ಚಂದ ಅದಾಳ."

ನಾನು ಇನ್ನೊಂದು ತುಂಡು ಕೊಟ್ಟೆ.

"ಮಿಷನ್ ತಂದಾಗ ನನಗೂ ಗೊತ್ತಿತ್ತು. ಹೇಳಿದ್ರ, ನಿನಗ ಹ್ಯಾಂಗ ಗೊತ್ತು ಅಂತ ಕೇಳತಾರ. ಮೂವತ್ತು ವರ್ಷದ ಗಂಟು ಓಣ್ಯಾಗ ಬಿಚ್ಚಬೇಕಾಗತಿತ್ತು. ನಾ ನಾಚಿಕಿಗೆ ಸುಮ್ಮನಿದ್ದೆ. ನೀ ಯಾತಕ್ಕ ಇದ್ದಿ?"

ಕೊನೆಯ ತುಂಡನ್ನು ಅವರ ಕೈಗಿಟ್ಟೆ. ಉತ್ತರಕ್ಕೆ ಅವರು ಕಾಯಲಿಲ್ಲ. ಕೈ ಝಾಡಿಸಿಕೊಂಡು, "ಆಕಿ ಬಲಗೈ ಕಟ್ಟ್ಯಾರ. ಹೋಗಿ ಉಣ್ಣಿಸು" ಎಂದರು.

ಮನೆಯ ಮುಂದಿನ ಚಪ್ಪರದ ಕೆಳಗೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದರು. ಭೀಮಣ್ಣನ ಮಂದಿ ತಿನ್ನುತ್ತ ತಿನ್ನುತ್ತ ಕಣ್ಣು ಮುಚ್ಚುತ್ತಿದ್ದರು. ಪ್ರತಿಮಾ ಕಂಬಕ್ಕೆ ಒರಗಿ, ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ತಟ್ಟೆ ಹಿಡಿದು ಎದುರಿಗೆ ಕೂತಾಗ ಆಶ್ಚರ್ಯದಿಂದ ನೋಡಿದಳು. ನಾನು ಯಾರಿಗೂ ತುತ್ತು ಕೊಟ್ಟವಳಲ್ಲ. ಮೈಸೂರಿನ ಮನೆಯಲ್ಲೂ ಅದು ರೂಢಿಯಿಲ್ಲ. ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಚೆಲ್ಲದಂತೆ ಕೆಳಗೆ ಎಡಗೈ ಹಿಡಿದು ಬಾಯಿಗಿಟ್ಟೆ. ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದಳು. ಎರಡನೆಯ ತುತ್ತು ಕೊಟ್ಟೆ. ಮೂರನೆಯದು.

"ನಿನಗೆ ಈ ಕೆಲಸ ಚಂದ ಬರ್ತದೆ" ಎಂದಳು, ಬಾಯಿ ತುಂಬಿಕೊಂಡು.

ನಾಲ್ಕನೆಯ ತುತ್ತನ್ನು ಕೈಯಲ್ಲಿ ಹಿಡಿದು, ದನಿ ಏರಿಸದೆ ಹೇಳಿದೆ. "ಮೊಳೆ ಇರೋದು ನನಗೆ ಮೊದಲಿಂದ್ಲೂ ಗೊತ್ತಿತ್ತು. ನೀನು ಗರಗಸ ತರೋಕೆ ಹೋದಾಗ್ಲೂ ಗೊತ್ತಿತ್ತು. ಹೇಳಲಿಲ್ಲ."

ಅವಳು ಜಗಿಯುವುದನ್ನು ನಿಲ್ಲಿಸಿದಳು. ನನ್ನ ಕೈಯಲ್ಲಿದ್ದ ತುತ್ತು ನಮ್ಮಿಬ್ಬರ ನಡುವೆ ಹಾಗೇ ಇತ್ತು. ಏಕೆ ಎಂದು ಕೇಳುತ್ತಾಳೆ, ಏನಾದರೊಂದು ಹೇಳಬೇಕಾಗುತ್ತದೆ ಎಂದು ಪದ ಹುಡುಕುತ್ತಿದ್ದೆ. ಅವಳು ಕೇಳಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, ತಟ್ಟೆಯನ್ನು ನನ್ನ ತೊಡೆಯ ಮೇಲಿಂದ ಎಡಗೈಯಲ್ಲಿ ತೆಗೆದುಕೊಂಡು ನೆಲಕ್ಕಿಟ್ಟಳು. ಆಮೇಲೆ ಅದೇ ಎಡಗೈಯಿಂದ ರೊಟ್ಟಿ ಮುರಿಯತೊಡಗಿದಳು. ರೊಟ್ಟಿ ಜಾರಿತು. ಮೊಣಕಾಲಿನಿಂದ ಒತ್ತಿ ಹಿಡಿದು ಮತ್ತೆ ಮುರಿದಳು. ಸಾಲಿನಲ್ಲಿ ಕೂತವರೆಲ್ಲ ಊಟ ನಿಲ್ಲಿಸಿ ನೋಡಿದರು. ಎಡಗೈಯಲ್ಲಿ ಉಣ್ಣುವುದನ್ನು ಅಲ್ಲಿ ಯಾರೂ ಕಂಡವರಲ್ಲ. ಸಿದ್ದಮ್ಮ ಏಳಲು ಹೋದಳು, ಹಿತ್ತಲಿನಿಂದ ಬಂದಿದ್ದ ಚಂದಮ್ಮ ಅವಳ ಭುಜ ಒತ್ತಿ ಕೂರಿಸಿದರು. ಪಲ್ಯ ಗಲ್ಲದ ಮೇಲೆ ಸುರಿಯಿತು, ಪ್ರತಿಮಾ ಒರೆಸಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತ, ನಿಧಾನವಾಗಿ, ತಟ್ಟೆಯಲ್ಲಿದ್ದದ್ದನ್ನೆಲ್ಲ ಎಡಗೈಯಲ್ಲೇ ತಿಂದು ಮುಗಿಸಿದಳು.

ಅಷ್ಟು ಜನರ ಮುಂದೆ, ಒಂದು ಮಾತೂ ಆಡದೆ, ತನ್ನ ಸಿಟ್ಟನ್ನು ಅವಳು ಹಾಗೆ ಪೂರ್ತಿ ತೋರಿಸಿದಳು. ನನ್ನ ಬೆರಳುಗಳಲ್ಲಿ ತಣ್ಣಗಾದ ತುತ್ತನ್ನು ಹಿಡಿದು ಕೂತಿದ್ದ ನನಗೆ ಆಗಲೂ, ನಾಚಿಕೆಗಿಂತ ಮೊದಲು, ಅವಳ ಮೇಲೆ ಹೊಟ್ಟೆಕಿಚ್ಚೇ ಬಂತು.